ಕ್ಯೂಬೆಯ ಉಪಕಾರ ಯಾರಿಗೆ ಬೇಕಿತ್ತು?

'ಮಡೋಕಾ ಮ್ಯಾಜಿಕಾ' ಜಪಾನಿ ಅನಿಮೇಷನ್ ಸಿನಿಮಾಗಳನ್ನ ಹುಡುಗೀರ ಮಾಯಾಜಾಲದ ಕಥೆ ಅಂತ ತಳ್ಳಿಹಾಕೋ ಗೆಳೆಯರೇ, ಅದರಲ್ಲಿನ ಕ್ಯೂಬೆ ಅನ್ನೋ ಮುದ್ದು ಪ್ರಾಣಿಯ ಮಾತು ಕೇಳಿಸ್ಕೊಳ್ಳಿ. ಒಂದು ಆಸೆ ಈಡೇರಿಸಿ ಹುಡುಗೀರ ಆತ್ಮವನ್ನೇ ಕಿತ್ತು ಹರಳಿಗೆ ತುಂಬುತ್ತೆ. ಅವರು ಹತಾಶರಾಗಿ ಮಾಟಗಾತಿಯರಾದಾಗ ಹೊಮ್ಮೋ ಶಕ್ತಿ ಇದರ ಲಾಭ. ಮೊದಲೇ ಯಾಕೆ ಹೇಳಲಿಲ್ಲ ಅಂದ್ರೆ, ನೀವು ಕೇಳಲಿಲ್ಲವಲ್ಲ ಅನ್ನುತ್ತೆ! ನಾವು ಬರದಿದ್ರೆ ಮನುಷ್ಯರು ಇನ್ನೂ ಗುಹೆಯಲ್ಲೇ ಇರ್ತಿದ್ರು ಅನ್ನೋ ಧಿಮಾಕು ಬೇರೆ. ಜೀತಕ್ಕಿಟ್ಟುಕೊಂಡೋರೂ ಅನ್ನ ಹಾಕಿದ್ವಿ ಅಂತಲೇ ಅಂದದ್ದು.

2012ರ ಎರಡನೇ ಭಾಗದಲ್ಲಿ ಮಡೋಕಾಳ ತ್ಯಾಗ ನೋಡಿ ಎಲ್ಲರೂ ಕಣ್ಣೀರಿಡ್ತಾರೆ. ನನಗೆ ಬಂದದ್ದು ಸಿಟ್ಟು. 14 ವರ್ಷದ ಹುಡುಗಿ ಇಲ್ಲವಾಗಬೇಕು, ಕ್ಯೂಬೆ ದಂಧೆ ಮಾತ್ರ ನಡೀಬೇಕಾ? 2013ರ 'ರೆಬೆಲಿಯನ್'ನಲ್ಲಿ ಗೆಳತಿ ಹೋಮುರಾ ತಿರುಗಿಬಿದ್ದು, ಲೋಕದ ಶಾಪವನ್ನೆಲ್ಲ ಅದರ ತಲೆಗೇ ಕಟ್ತಾಳೆ. ಭೇಷ್! ಆದ್ರೆ ಮಡೋಕಾಳನ್ನ ಕೇಳದೇ ಅವಳ ನೆನಪು ಅಳಿಸಿದ್ದು ಮಾತ್ರ ಕ್ಯೂಬೆ ಬುದ್ಧಿಯೇ.