ಗಗನಯಾತ್ರಿಯ ಉಡುಪೂ ವೆಲ್ಡರನ ಅಂಗಿಯೂ

ಇಸ್ರೋ ಸಂಸ್ಥೆಯು 2018ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಾಹ್ಯಾಕಾಶ ವಸ್ತುಪ್ರದರ್ಶನದಲ್ಲಿ ಕಿತ್ತಳೆ ಬಣ್ಣದ ಗಗನಯಾತ್ರಿ ಉಡುಪೊಂದನ್ನು ಜನರ ಮುಂದಿಟ್ಟಿತು. ಆದರೂ ಗಗನಯಾನಕ್ಕೆ ಆಯ್ಕೆಯಾದವರ ಉಡುಪುಗಳ ತಯಾರಿಕೆ 2020ರಲ್ಲಿ ಆರಂಭವಾದುದು ರಷ್ಯಾದ ಜ್ವೆಜ್ದಾ ಸಂಸ್ಥೆಯಲ್ಲಿ. 1984ರಲ್ಲಿ ರಾಕೇಶ್ ಶರ್ಮಾ ಧರಿಸಿದ್ದು ರಷ್ಯಾದ ಉಡುಪು. 2025ರಲ್ಲಿ ಶುಭಾಂಶು ಶುಕ್ಲಾ ಧರಿಸಿದ್ದು ಅಮೆರಿಕದ್ದು.

ಈ ಸಂಗತಿಗೂ ಬಸವಕಲ್ಯಾಣ, ಹುಮನಾಬಾದುಗಳ ಪೇಟೆಗೂ ಏನು ಸಂಬಂಧವೆಂದು ವರ್ತಕರು ಕೇಳಬಹುದು. ಚಂದ್ರನ ಮೇಲೆ ಕಾಲಿಟ್ಟವರ ಉಡುಪನ್ನು ಸಿದ್ಧಪಡಿಸಿದ್ದು ಮಹಿಳೆಯರ ಒಳಉಡುಪಿಗೆ ಹೆಸರಾಗಿದ್ದ ಅಮೆರಿಕದ ಕಂಪನಿ. ಅದನ್ನು ಹೊಲಿದವರು ಅಲ್ಲಿನ ದರ್ಜಿ ಹೆಂಗಸರು. ಯಂತ್ರ ಸಾಮಾನ್ಯವೇ, ಶಿಸ್ತು ಮಾತ್ರ ಅಸಾಮಾನ್ಯ. ಬಟ್ಟೆಯಲ್ಲಿ ಒಂದು ಗುಂಡುಸೂಜಿ ಉಳಿದರೂ ಪ್ರಾಣಕ್ಕೆ ಸಂಚಕಾರವಾಗುತ್ತಿತ್ತು. 1967ರ ಜನವರಿಯಲ್ಲಿ ಅಪೋಲೋ ನೌಕೆಯ ನೆಲದ ಮೇಲಿನ ಪರೀಕ್ಷೆಯಲ್ಲಿ ಬೆಂಕಿಬಿದ್ದು ಮೂವರು ಸತ್ತ ಮೇಲೆ, ಉಡುಪಿನ ಹೊರಪದರಕ್ಕೆ ಗಾಜಿನ ನೂಲಿನಿಂದ ನೇಯ್ದು ಟೆಫ್ಲಾನ್ ಲೇಪಿಸಿದ, ಬೆಂಕಿ ಹತ್ತದ ಬಟ್ಟೆ ಬಂದಿತು.

ಬೆಂಕಿ ಬಾಹ್ಯಾಕಾಶಕ್ಕೆ ಮಾತ್ರ ಸೀಮಿತವಲ್ಲ. ಹುಮನಾಬಾದ್ ಕೈಗಾರಿಕಾ ಪ್ರದೇಶದ ರಾಸಾಯನಿಕ ಘಟಕಗಳಲ್ಲಿ ದ್ರಾವಕಗಳ ನಡುವೆ ದುಡಿಯುವವನಿಗೂ, ಬಸವಕಲ್ಯಾಣದಲ್ಲಿ ಲಾರಿಯ ಚಾಸಿಗೆ ವೆಲ್ಡಿಂಗ್ ಮಾಡುವವನಿಗೂ ಅದೇ ಭಯ. ಮೈಮೇಲಿನ ಪಾಲಿಯೆಸ್ಟರ್ ಅಂಗಿ ಕಿಡಿ ತಗುಲಿದರೆ ಕರಗಿ ಚರ್ಮಕ್ಕೇ ಅಂಟುತ್ತದೆ. (ಅಗ್ಗವೆಂದು ಅದನ್ನೇ ಸಮವಸ್ತ್ರವಾಗಿ ಕೊಡುವ ಮಾಲೀಕರು ಈ ಲೆಕ್ಕವನ್ನೂ ಹಾಕಬೇಕು.)

ತಾಂತ್ರಿಕ ಜವಳಿಗಾಗಿ ಕೇಂದ್ರ ಸರ್ಕಾರವು 2020ರಲ್ಲಿ 1,480 ಕೋಟಿ ರೂಪಾಯಿಗಳ ರಾಷ್ಟ್ರೀಯ ಅಭಿಯಾನಕ್ಕೆ ಒಪ್ಪಿಗೆ ನೀಡಿತು. 2023ರಲ್ಲಿ ಪಿಎಂ ಮಿತ್ರ ಜವಳಿ ಪಾರ್ಕಿಗೆ ಕಲಬುರಗಿ ಆಯ್ಕೆಯಾಯಿತು. ಹುಮನಾಬಾದಿನ ಮೂಲಕ ಕಲಬುರಗಿಗೆ ಹೋಗುವ ರೈಲುಮಾರ್ಗ 2017ರಲ್ಲೇ ತೆರೆದಿದೆ. ಇಷ್ಟಿದ್ದೂ ಸಮವಸ್ತ್ರವೆಂದರೆ ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೆ ಹೋಗುವುದೇ ವ್ಯಾಪಾರವೆಂದು ಭಾವಿಸುವುದು ಸರಿಯಲ್ಲ.

ಇಲ್ಲಿನ ದರ್ಜಿಗಳು ನಾಳೆಯೇ ಗಗನಯಾತ್ರಿಯ ಉಡುಪು ಹೊಲಿಯಬೇಕೆಂದು ಯಾರೂ ಹೇಳುತ್ತಿಲ್ಲ. ಬೆಂಕಿ ತಡೆಯುವ ಏಪ್ರನ್, ಕೈಗವಸು, ಮೇಲಂಗಿ ಇಷ್ಟಾದರೆ ಮೊದಲ ಹೆಜ್ಜೆಗೆ ಸಾಕು. ಅಡಚಣೆಯಿರುವುದು ಹೊಲಿಗೆಯಲ್ಲಲ್ಲ, ಪರೀಕ್ಷೆಯಲ್ಲಿ. ಪ್ರಮಾಣಪತ್ರವಿಲ್ಲದ ರಕ್ಷಣಾ ಉಡುಪನ್ನು ದೊಡ್ಡ ಕಾರ್ಖಾನೆ ಕೊಳ್ಳುವುದಿಲ್ಲ. ಒಬ್ಬ ಸಣ್ಣ ತಯಾರಕನಿಗೆ ಪರೀಕ್ಷಾ ವೆಚ್ಚ ಭರಿಸಲಾಗದು. ಆದುದರಿಂದ ಎರಡೂ ಪಟ್ಟಣಗಳ ಘಟಕಗಳು ವರ್ಷಕ್ಕೆ ಎಷ್ಟು ಏಪ್ರನ್, ಎಷ್ಟು ಕೈಗವಸು ಕೊಳ್ಳುತ್ತವೆ, ಯಾವ ದರಕ್ಕೆ, ಎಲ್ಲಿಂದ ಎಂಬ ಪಟ್ಟಿಯನ್ನು ವಾಣಿಜ್ಯ ಸಂಸ್ಥೆಯು ಮೊದಲು ಸಿದ್ಧಪಡಿಸಲಿ. ಆ ಪಟ್ಟಿಯನ್ನು ಮುಂದಿಟ್ಟೇ ಕಲಬುರಗಿಯ ಪಾರ್ಕಿನಲ್ಲಿ ಸಾಮೂಹಿಕ ಪರೀಕ್ಷಾಲಯವೊಂದನ್ನು ಕೇಳಬೇಕು.