ಉಡಾಳ ಮಗ ಯಾರ ಮಗ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಒಂದು ಶಬ್ದ ಮತ್ತೆ ಮತ್ತೆ ಕೇಳುತ್ತದೆ: ಉಡಾಳ. ಫೇಲಾದವನು ಉಡಾಳ. ತೊಗರಿ ರಾಶಿಯ ದಿನಗಳಲ್ಲಿ ಶಾಲೆ ತಪ್ಪಿಸಿ ಹೊಲಕ್ಕೆ ಹೋದವನಿರಲಿ, ಗಣಿತದ ಮಾಸ್ತರರೇ ಇಲ್ಲದ ಶಾಲೆಯಲ್ಲಿ ವರ್ಷವಿಡೀ ಕುಳಿತವನಿರಲಿ, ವಿಚಾರಣೆಯೇ ಇಲ್ಲ.

2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಗೆ ಬಂದದ್ದು ಶೇ. 42.43, ರಾಜ್ಯದಲ್ಲೇ ಕೊನೆಯ ಸ್ಥಾನ. ದಕ್ಷಿಣ ಕನ್ನಡಕ್ಕೆ ಶೇ. 91.12. ಭೀಮಾ ತೀರದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಉಡಾಳರಾಗಿಯೂ ನೇತ್ರಾವತಿ ತೀರದವರು ಜಾಣರಾಗಿಯೂ ಹುಟ್ಟಿದರೆಂದು ನಂಬಬೇಕೆ?

ಸಿನಿಮಾಕ್ಕೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ, 1918ರ ಸುಮಾರಿಗೆ, ಟಿ.ಪಿ. ಕೈಲಾಸಂ ಈ ಉಡಾಳ ಮಗನನ್ನು ರಂಗಕ್ಕೆ ತಂದರು. 'ಟೊಳ್ಳುಗಟ್ಟಿ'ಯ ಹಿರಿಯಣ್ಣಯ್ಯನಿಗೆ ಇಬ್ಬರು ಮಕ್ಕಳು. ಓದಿ ಪಾಸಾಗುವ ಪುಟ್ಟು ಮನೆಯ ಹೆಮ್ಮೆ. ಫೇಲಾಗುವ ಮಾಧು ಮನೆಗೆ ಭಾರ. ಮನೆಗೆ ಬೆಂಕಿ ಬಿದ್ದಾಗ ಮನೆಯವರನ್ನು ಉಳಿಸುವವನು ಮಾಧುವೇ. ಟೊಳ್ಳು ಯಾರು, ಗಟ್ಟಿ ಯಾರು ಎಂದು ಅಪ್ಪನಿಗೆ ಆಗ ತಿಳಿಯುತ್ತದೆ.

ನೂರು ವರ್ಷದಿಂದ ಈ ನಾಟಕಕ್ಕೆ ಚಪ್ಪಾಳೆ ತಟ್ಟುತ್ತ ಬಂದ ನಾವು ಪ್ರತಿ ಜೂನ್ ತಿಂಗಳಲ್ಲಿ ಮಾಡುವುದೇನು? ಪ್ರತಿಭಾ ಪುರಸ್ಕಾರ! ಜಾತಿಗೊಂದು ಸಮಾರಂಭ. ನಮ್ಮ ಜಮಾಅತ್‌ಗಳೂ ಹಿಂದೆ ಬಿದ್ದಿಲ್ಲ. ಶಾಲು, ಹಾರ, ಫೋಟೊ, ಗಣ್ಯರ ಭಾಷಣ. ಸಾಲಾಗಿ ನಿಂತ ಪುಟ್ಟುಗಳು. ಮಾಧು ಎಲ್ಲಿದ್ದಾನೆಂದು ಕೇಳುವವರಿಲ್ಲ. ಬಹುಶಃ ಅವನೇ ಅಲ್ಲಿ ಶಾಮಿಯಾನ ಕಟ್ಟಿದವನು.

ಆದರೆ ಕೈಲಾಸಂ ಹೆಸರು ಹೇಳಿ "ಫೇಲಾದರೇನು, ಗುಣ ಮುಖ್ಯ" ಎಂದು ಸಮಾಧಾನ ಹೇಳುವವರನ್ನು ಕಂಡರೂ ನನಗೆ ಸಿಟ್ಟು ಬರುತ್ತದೆ. ಮಾಧುವಿಗೆ ಫೇಲಾದ ಮೇಲೂ ಒಂದು ಮನೆಯಿತ್ತು, ತಟ್ಟೆಯಲ್ಲಿ ಅನ್ನವಿತ್ತು. ಆಳಂದದ ಹುಡುಗನಿಗೆ ಫೇಲೆಂದರೆ ಮುಂಬಯಿ ಅಥವಾ ಪುಣೆಯ ಕಟ್ಟಡದ ಕೆಲಸ, ಇಲ್ಲವೇ ಗ್ಯಾರೇಜು. 2013ರಲ್ಲಿ ಹೋರಾಡಿ ಪಡೆದ 371(ಜೆ) ಕಲಮು ಈ ಭಾಗದವರಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಕೊಟ್ಟಿದೆ ನಿಜ. ಹತ್ತನೆಯ ತರಗತಿಯನ್ನೇ ದಾಟದವನು ಆ ಬಾಗಿಲನ್ನು ತಟ್ಟುವುದಾದರೂ ಹೇಗೆ? ಅವನ ಗುಣವನ್ನು ಹೊಗಳಿ ಅವನ ಹಕ್ಕನ್ನು ಮರೆಯುವುದು ಬೈಗುಳಕ್ಕಿಂತ ದೊಡ್ಡ ಮೋಸ.

ಹಿರಿಯಣ್ಣಯ್ಯ ಕೊನೆಗಾದರೂ ಕಣ್ಣು ತೆರೆದ. ಮಾಸ್ತರರ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟು, ಫಲಿತಾಂಶ ಕುಸಿದಾಗ ಮುಖ್ಯಗುರುಗಳಿಗೆ ನೋಟಿಸು ಕೊಡುವ ಸರಕಾರವೆಂಬ ಅಪ್ಪನಿಗೆ ಆ ಮುಜುಗರವೂ ಇಲ್ಲ.

ಈ ವರ್ಷ ಸನ್ಮಾನಕ್ಕೆ ಪಟ್ಟಿ ಮಾಡುವ ಸಂಘ, ಮಠ, ಜಮಾಅತ್‌ಗಳು ಶಾಲೆಗೆ ಹೋಗಿ ಇನ್ನೊಂದು ಪಟ್ಟಿಯನ್ನೂ ಕೇಳಲಿ: ಫೇಲಾದವರದ್ದು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಶಾಲು ಹಾರದ ದುಡ್ಡಿನಲ್ಲಿ ಎರಡು ತಿಂಗಳ ಮಟ್ಟಿಗೆ ಒಬ್ಬ ಗಣಿತದ ಮಾಸ್ತರರನ್ನು ಗೊತ್ತುಮಾಡಿ, ಸಂಜೆ ಶಾದಿಮಹಲಿನ ಬೀಗ ತೆಗೆಯಿರಿ.