ಚಲನ್ ಬಂತೆಂದು ಒತ್ತಬೇಡಿ: ಕೋಟನೂರಿನ ಗಾಡಿ ಮಾಲಕರಿಗೊಂದು ಮನವಿ

ಕಲಬುರಗಿಯ ಕೋಟನೂರಿನ ಗಾಡಿ ಮಾಲಕರೇ, ಜೇವರ್ಗಿ ರಸ್ತೆಯ ಮೇಲೆ ಕ್ರೂಸರ್, ಟಂಟಂ ಓಡಿಸುವ ಅಣ್ಣಂದಿರೇ, ಮಗನ ಹಟಕ್ಕೆ ಸೋತು ಬೈಕ್ ತೆಗೆಸಿಕೊಟ್ಟ ಕಾಕಾಗಳೇ, ಸ್ಕೂಟಿ ಮೇಲೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಅಕ್ಕಂದಿರೇ,

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಓದಿ. ನಿಮ್ಮ ವಾಟ್ಸಾಪ್‌ಗೆ ‘ಆರ್‌ಟಿಒ ಚಲನ್’ ಎಂದೋ ‘ಎಂ-ಪರಿವಾಹನ್’ ಎಂದೋ ಹೆಸರಿಟ್ಟುಕೊಂಡ ಫೈಲ್ ಬಂದು, ಆ ಹೆಸರಿನ ಬಾಲದಲ್ಲಿ ‘ಎಪಿಕೆ’ ಎಂಬ ಮೂರು ಅಕ್ಷರ ಇದ್ದರೆ ಅದನ್ನು ಒತ್ತಬೇಡಿ. ಕಳಿಸಿದವರು ಸ್ವಂತ ಅಳಿಯನೇ ಆಗಿರಲಿ, ಒತ್ತಬೇಡಿ. ಅಳಿಯ ಅದನ್ನು ಕಳಿಸಿಯೇ ಇರಲಿಕ್ಕಿಲ್ಲ. ಅವನ ಫೋನಿನೊಳಗೆ ಹೊಕ್ಕ ಕಳ್ಳ ಅವನ ಹೆಸರಿನಲ್ಲಿ ನಿಮಗೆ ಕಳಿಸಿರಬಹುದು.

ಎಪಿಕೆ ಅಂದರೆ ಚಿತ್ರವಲ್ಲ, ಪತ್ರವಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಹೊಸ ಆಪ್ ಕೂರಿಸುವ ಕಡತ. ಒತ್ತಿದ ಕೂಡಲೇ ಅದು ಎಸ್‌ಎಂಎಸ್ ಓದಲು, ಸೂಚನೆಗಳನ್ನು ನೋಡಲು ಅನುಮತಿ ಕೇಳುತ್ತದೆ. ದಂಡದ ರಸೀದಿ ನೋಡುವ ಆತುರದಲ್ಲಿ ನಾವು ‘ಅಲೋ’, ‘ಅಲೋ’ ಎಂದು ಒತ್ತುತ್ತಾ ಹೋಗುತ್ತೇವೆ. ಅಲ್ಲಿಂದ ಮುಂದೆ ಬ್ಯಾಂಕಿನಿಂದ ಬರುವ ಒಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಇನ್ನೊಬ್ಬನ ಕೈ ಸೇರುತ್ತದೆ. ‘ನಾನು ಯಾರಿಗೂ ಒಟಿಪಿ ಹೇಳೇ ಇಲ್ಲರೀ, ರೊಕ್ಕ ಹ್ಯಾಂಗ ಹೋಯ್ತು?’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಅದೇ ಆಪ್ ನಿಮ್ಮ ವಾಟ್ಸಾಪ್‌ನಲ್ಲಿರುವ ಬೀಗರು, ಗೆಳೆಯರು, ಓಣಿಯ ಗ್ರೂಪು ಎಲ್ಲರಿಗೂ ತನ್ನನ್ನು ತಾನೇ ಹಂಚಿಕೊಳ್ಳುತ್ತದೆ.

ನಾವು ದಡ್ಡರೆಂದು ಮೋಸ ಹೋಗುತ್ತಿಲ್ಲ. ಈ ಬಲೆ ಹೆಣೆದವನಿಗೆ ನಮ್ಮ ದಿನಚರಿ ಗೊತ್ತು. ಹೆಲ್ಮೆಟ್ ಇಲ್ಲದೆ ಒಮ್ಮೆಯಾದರೂ ಮನೆ ಬಿಟ್ಟವರು, ಸಿಗ್ನಲ್ ಹಾರಿದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ದಂಡ ಬಂದಿರಬಹುದು ಎಂಬ ಅಳುಕು ಮನಸ್ಸಿನಲ್ಲಿ ಮೊದಲೇ ಕುಳಿತಿರುತ್ತದೆ. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು, 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮತ್ತೆ ಕೊಟ್ಟಿತು. ಅಂಥ ದಿನಗಳಲ್ಲಿ ‘ನಿಮ್ಮ ಕೆಎ 32 ಗಾಡಿಗೆ ದಂಡ ಬಾಕಿ ಇದೆ’ ಎಂಬ ಸಂದೇಶ ಬಂದರೆ ಯಾರು ನಂಬುವುದಿಲ್ಲ? 2019ರ ಏಪ್ರಿಲ್‌ಗಿಂತ ಮುಂಚಿನ ಗಾಡಿಗಳಿಗೆ ಹೊಸ ನಂಬರ್ ಪ್ಲೇಟ್ ಕಡ್ಡಾಯ ಎಂದಾಗಲೂ ಗಡುವಿನ ಗಡಿಬಿಡಿಯ ಬೆನ್ನಿಗೇ ನಕಲಿ ಜಾಲತಾಣಗಳು ಎದ್ದವು. ಗಡುವು, ರಿಯಾಯಿತಿ, ದಂಡ: ಸರ್ಕಾರ ಈ ಮೂರರಲ್ಲಿ ಯಾವುದನ್ನು ಘೋಷಿಸಿದರೂ ಕಳ್ಳನಿಗೆ ಸುಗ್ಗಿ.

ಚಲನ್ ನಿಜವೋ ಸುಳ್ಳೋ ಎಂದು ನೋಡಲು ಯಾರ ಲಿಂಕೂ ಬೇಡ. ನೀವೇ ಬ್ರೌಸರ್ ತೆರೆದು ಕೇಂದ್ರ ಸರ್ಕಾರದ ಪರಿವಾಹನ್ ಇ-ಚಲನ್ ಜಾಲತಾಣಕ್ಕೆ ಹೋಗಿ, ಗಾಡಿ ನಂಬರ್ ಹಾಕಿ ನೋಡಿ. ವಿಳಾಸದ ಆರಂಭದ ‘https://’ ಬಿಟ್ಟು, ಮೊದಲ ಓರೆಗೆರೆಗೆ ಮುಂಚೆ, ಕಟ್ಟಕಡೆಗೆ ‘ಡಾಟ್ ಜಿಒವಿ ಡಾಟ್ ಇನ್’ ಇರಬೇಕು. ನಡುವೆ ಎಲ್ಲೋ ‘ಪರಿವಾಹನ್’ ಎಂದು ಬರೆದಿದ್ದರೆ ಅದಕ್ಕೆ ಬೆಲೆಯಿಲ್ಲ, ಅದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಆಪ್ ಬೇಕೆಂದರೆ ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ಸಾರಿಗೆ ಇಲಾಖೆ ಹತ್ತಂಕಿಯ ಮೊಬೈಲ್ ನಂಬರಿನಿಂದ ಯಾರಿಗೂ ಆಪ್ ಕಳಿಸುವುದಿಲ್ಲ.

ಇನ್ನು ಗಾಡಿ ಕೊಳ್ಳುವ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಭಾಗದವರಿಗೆ ಗಾಡಿಯೆಂದರೆ ಬರೀ ಓಡಾಟದ ಸಾಧನವಲ್ಲ. ಒಂದು ಕಾಲಕ್ಕೆ ಅಂಬಾಸಿಡರ್ ಬಂದರೆ ಊರೇ ಎದ್ದು ನಿಲ್ಲುತ್ತಿತ್ತು. 1983ರ ಡಿಸೆಂಬರ್‌ನಲ್ಲಿ ದಿಲ್ಲಿಯಲ್ಲಿ ಮೊದಲ ಕೀಲಿ ಕೊಟ್ಟ ಮಾರುತಿ 800, ಮೇಷ್ಟ್ರು, ಗುಮಾಸ್ತರೂ ಕಾರಿನ ಕನಸು ಕಾಣುವಂತೆ ಮಾಡಿತು. ಆ ಎರಡೂ ಗಾಡಿಗಳ ತಯಾರಿಕೆ ನಿಂತದ್ದು 2014ರಲ್ಲಿ. ಈಗ ಬೊಲೆರೊ, ಸ್ವಿಫ್ಟ್, ಎರ್ಟಿಗಾ, ಇನ್ನೋವಾಗಳ ಕಾಲ. ತೊಗರಿ ಮಾರಿ ಕೈಗೆ ರೊಕ್ಕ ಬಂದಾಗ, ದಸರೆಗೆ ಪೂಜೆ ಮಾಡಲು ಮನೆಮುಂದೆ ಒಂದು ಗಾಡಿ ಇರಲಿ ಎನಿಸಿದಾಗ, ಹೊಸದಕ್ಕೆ ರೊಕ್ಕ ಸಾಲದವರು ಸೆಕೆಂಡ್ ಹ್ಯಾಂಡ್ ಗಾಡಿಗೆ ಫೋನ್ ತಿರುವುತ್ತಾರೆ. ತಪ್ಪೇನಿಲ್ಲ. ಆದರೆ ಮೆಚ್ಚಿದ ಗಾಡಿಯ ಫೋಟೊ ಕಂಡಾಗ ನಮ್ಮ ಎಚ್ಚರ ಸಡಿಲವಾಗುತ್ತದೆ, ಸೋಲುವುದು ಅಲ್ಲೇ.

ಮೋಸದ ಜಾಹೀರಾತು ಸಾಮಾನ್ಯವಾಗಿ ಹೀಗಿರುತ್ತದೆ. ಮಾರುಕಟ್ಟೆಯಲ್ಲಿ ಐದು ಲಕ್ಷ ಬಾಳುವ ಗಾಡಿಗೆ ಎರಡು ಲಕ್ಷ. ಮಾರುವವನು ಸೈನ್ಯದಲ್ಲಿದ್ದಾನೆ, ವರ್ಗವಾಗಿದೆ, ಗಾಡಿ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲೋ ದಂಡಿನ ಆವರಣದಲ್ಲೋ ನಿಂತಿದೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಆರ್‌ಸಿಯ ಪ್ರತಿ ಎಲ್ಲವೂ ಬರುತ್ತವೆ. ಅವು ಯಾರದೋ ನಿಜವಾದ ಕಾಗದಗಳೇ ಇರಬಹುದು, ಕದ್ದವು. ಮೊದಲು ಸಣ್ಣ ಟೋಕನ್, ಆಮೇಲೆ ಗೇಟ್ ಪಾಸ್, ಆಮೇಲೆ ಸಾಗಣೆ ಖರ್ಚು, ಆಮೇಲೆ ‘ಮರಳಿ ಬರುವ’ ಜಿಎಸ್‌ಟಿ. ಹಾಕಿದ ರೊಕ್ಕ ಮುಳುಗಬಾರದೆಂದು ಮತ್ತಷ್ಟು ಹಾಕುತ್ತಾ ಹೋಗುತ್ತೇವೆ. ಗಾಡಿ ಬರುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇದು: ಗಾಡಿಯನ್ನು ಕಣ್ಣಾರೆ ಕಂಡು, ನಂಬಿಕೆಯ ಮೆಕ್ಯಾನಿಕ್ ಕೈಯಲ್ಲಿ ತೋರಿಸಿ, ಚಾಸಿ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡುವ ತನಕ ಒಂದು ರೂಪಾಯಿಯನ್ನೂ ಕಳಿಸಬೇಡಿ. ಸೊಲ್ಲಾಪುರ ಇರಲಿ, ಹೈದರಾಬಾದ್ ಇರಲಿ, ಹೋಗಿ ನೋಡಿ ಬರುವ ಖರ್ಚು ಮೋಸದ ಖರ್ಚಿಗಿಂತ ಕಡಿಮೆ. ಹೊರರಾಜ್ಯದ ಗಾಡಿ ಅಗ್ಗ ಎಂಬ ಲೆಕ್ಕವನ್ನೂ ಪೂರ್ತಿ ಹಾಕಿ ನೋಡಿ: ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಕರ್ನಾಟಕದ ತೆರಿಗೆ ಕಟ್ಟಬೇಕು, ಸಾಲ ಇದ್ದರೆ ಬ್ಯಾಂಕಿನಿಂದ ತೀರಿದ ಪತ್ರ ಪಡೆದು ಆರ್‌ಸಿಯಲ್ಲಿನ ಸಾಲದ ನಮೂದು ತೆಗೆಸಬೇಕು. ಇಷ್ಟೆಲ್ಲ ಸೇರಿದ ಮೇಲೆ ಎಷ್ಟೋ ಸಲ ಊರಿನ ಗಾಡಿಯೇ ಅಗ್ಗ.

ಮಾರುವವರಿಗೂ ಒಂದು ಮಾತು. ಕೊಳ್ಳುತ್ತೇನೆಂದು ಫೋನ್ ಮಾಡಿದವನು ‘ಕ್ಯೂಆರ್ ಕಳಿಸೀನಿ, ಸ್ಕ್ಯಾನ್ ಮಾಡ್ರಿ, ರೊಕ್ಕ ಬರ್ತದ’ ಅಂದರೆ ಅಲ್ಲಿಗೇ ಫೋನ್ ಇಡಿ. ಹಣ ಪಡೆಯಲು ಸ್ಕ್ಯಾನೂ ಬೇಡ, ಯುಪಿಐ ಪಿನ್ನೂ ಬೇಡ. ಪಿನ್ ಒತ್ತಿದಿರೆಂದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ, ಬರುವುದಿಲ್ಲ.

ಗಾಡಿ ಕೊಟ್ಟು ರೊಕ್ಕ ಎಣಿಸಿಕೊಂಡ ಮೇಲೆ ಕೆಲಸ ಮುಗಿಯಿತೆಂದು ಕೂರುವವರು ನಮ್ಮಲ್ಲಿ ಹೆಚ್ಚು. ‘ಹೆಸರು ಆಮ್ಯಾಲ ಮಾಡಿಸ್ಕೋತೀನ್ರಿ’ ಎನ್ನುತ್ತಾನೆ ಕೊಂಡವನು. ನಾವು ಮೊಹಬ್ಬತ್ತಿಗೆ ಒಪ್ಪುತ್ತೇವೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಿಳಿಸದಿದ್ದರೆ ಏನಾಗುತ್ತದೆ? 2007ರಲ್ಲಿ ಮಾರಿ, ಆಮೇಲೆ ಕೈಯಿಂದ ಕೈಗೆ ದಾಟಿದ ಒಂದು ಕಾರು 2009ರಲ್ಲಿ ಅಪಘಾತ ಮಾಡಿತು. ಪರಿಹಾರ ಕೊಡಬೇಕಾದವರು ಯಾರೆಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ತೀರ್ಪಿನಲ್ಲಿ ಕೋರ್ಟು ಹೇಳಿದ್ದು: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕ, ಹೊಣೆ ಅವನದೇ. ನಿಮ್ಮ ಹಳೆಯ ಬೈಕು ಇವತ್ತು ಎಲ್ಲಿ, ಯಾರ ಕೈಯಲ್ಲಿದೆ? ಗೊತ್ತಿಲ್ಲದಿದ್ದರೆ ಈ ವಾರವೇ ಪರಿವಾಹನ್‌ನಲ್ಲಿ ನೋಡಿ.

ಹೊಸ ಕಾಲದ ಕಾರಿಗೆ ಹೊಸದೊಂದು ತಲೆನೋವೂ ಸೇರಿಕೊಂಡಿದೆ. ಕಾರಿನ ಪರದೆಗೆ ಬ್ಲೂಟೂತ್ ಜೋಡಿಸಿದಾಗ ನಿಮ್ಮ ಫೋನಿನ ನಂಬರುಗಳು, ಕರೆಗಳ ಪಟ್ಟಿ ಅದರಲ್ಲಿ ಉಳಿಯುತ್ತವೆ. 2019ರ ಸುಮಾರಿಗೆ ಬಂದ ಇಂಟರ್‌ನೆಟ್ ಜೋಡಣೆಯ ಕಾರುಗಳಲ್ಲಂತೂ ಗಾಡಿ ಎಲ್ಲಿದೆ ಎಂದು ಮಾಲಕ ತನ್ನ ಫೋನಿನಲ್ಲೇ ನೋಡಬಹುದು, ಕೆಲವದರಲ್ಲಿ ದೂರದಿಂದಲೇ ಬಾಗಿಲು ತೆರೆಯಬಹುದು. ಮಾರಿದ ಮೇಲೂ ಹಳೆಯ ಮಾಲಕನ ಖಾತೆ ಹಾಗೇ ಉಳಿದರೆ, ನೀವು ಕೊಂಡ ಗಾಡಿ ಬೀಗರ ಮದುವೆಗೆ ಹೋದದ್ದೂ ಅವನಿಗೆ ಗೊತ್ತಾಗುತ್ತದೆ. ಮಾರುವವರು ಪರದೆಯನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಫಾಸ್ಟ್ಯಾಗ್ ಮುಚ್ಚಿಸಿ ಕೊಡಿ. ಕೊಳ್ಳುವವರು ಎರಡೂ ಕೀಲಿ ಕೇಳಿ ಪಡೆಯಿರಿ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಳೆಯ ಖಾತೆ ತೆಗೆಸಿ, ಬೇರೆ ಜಿಪಿಎಸ್ ಪೆಟ್ಟಿಗೆ ಅಂಟಿಸಿದ್ದಾರೆಯೇ ಎಂದು ನೋಡಿಸಿ. ಗಾಡಿ ಮಾರಿ, ಇಟ್ಟುಕೊಂಡ ಕೀಲಿಯಿಂದ ಮತ್ತೆ ಅದನ್ನೇ ಕದ್ದ ಪ್ರಕರಣಗಳು ಉತ್ತರ ಭಾರತದಲ್ಲಿ ವರದಿಯಾಗಿವೆ.

ರೀಲ್ಸ್ ಮಾಡುವ ತಮ್ಮಂದಿರಿಗೆ ಬುದ್ಧಿ ಹೇಳಿದರೆ ಅವರು ಕೇಳುವುದಿಲ್ಲ, ಅದು ನನಗೂ ಗೊತ್ತು. ಒಂದೇ ಕೋರಿಕೆ: ಹೊಸ ಗಾಡಿಯ ಮುಂದೆ ಆರ್‌ಸಿ ಕಾರ್ಡ್ ಹಿಡಿದು ಫೋಟೊ ಹಾಕಬೇಡಿ, ಮೋಸದ ಜಾಹೀರಾತಿಗೆ ಕದಿಯುವುದು ಇಂಥ ಕಾಗದಗಳನ್ನೇ.

‘ನಿಮ್ಮ ಗಾಡಿ ಮುಂಬೈಯಲ್ಲಿ ಡ್ರಗ್ಸ್ ಸಾಗಿಸಿದೆ’ ಎಂದು ಪೊಲೀಸ್ ವೇಷದಲ್ಲಿ ವಿಡಿಯೊ ಕಾಲ್ ಮಾಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಹೆದರಿಸುವ ಡಿಜಿಟಲ್ ಅರೆಸ್ಟ್, ಅಂದರೆ ವಿಡಿಯೊ ಕರೆಯಲ್ಲೇ ಬಂಧನ ಎಂಬುದು, ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ ಮನದ ಮಾತಿನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. ಕರೆ ಕಡಿಯಿರಿ, ಅಷ್ಟೇ.

ಇಷ್ಟಾಗಿಯೂ ಮೋಸವಾದರೆ? ಇದೇ ನನ್ನ ಮನವಿಯ ಮುಖ್ಯ ಭಾಗ. ನಮ್ಮೂರಲ್ಲಿ ರೊಕ್ಕ ಕಳಕೊಂಡವರು ಮೊದಲು ಮಾಡುವ ಕೆಲಸ ಬಾಯಿ ಮುಚ್ಚಿಕೊಳ್ಳುವುದು. ಹೆಂಡತಿಗೆ ಗೊತ್ತಾದರೆ, ಮಗ ನಕ್ಕರೆ, ಓಣಿಯಲ್ಲಿ ಮರ್ಯಾದೆ ಹೋದರೆ ಎಂಬ ಚಿಂತೆ. ಆ ಮೌನದ ಗಂಟೆಗಳಲ್ಲೇ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಮ್‌ಗೆ ಓಡುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿದರೆ ಆ ಓಟವನ್ನು ನಡುವೆಯೇ ತಡೆಯಲು ಸಾಧ್ಯ: ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ಹೋಗುತ್ತದೆ, ಹಣ ಇನ್ನೂ ಖಾತೆಯಲ್ಲಿದ್ದರೆ ಅದನ್ನು ಹಿಡಿದಿಡುತ್ತಾರೆ. ನಾಳೆ ಬೆಳಿಗ್ಗೆ ನೋಡೋಣ ಅಂದರೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಬ್ಯಾಂಕಿಗೂ ಕೂಡಲೇ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನಿಮ್ಮ ಅಜಾಗರೂಕತೆಯಿಂದ ಹಣ ಹೋಗಿದ್ದರೂ ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ನಿಮ್ಮ ತಪ್ಪೇ ಇಲ್ಲದ ಪ್ರಕರಣದಲ್ಲಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಪೂರ್ತಿ ರಕ್ಷಣೆ ಉಂಟು.

ಎಪಿಕೆ ಒತ್ತಿಬಿಟ್ಟಿದ್ದರೆ ಮೊದಲು ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆರಿಸಿ. 1930ಕ್ಕೂ ಬ್ಯಾಂಕಿಗೂ ಬೇರೆ ಫೋನಿನಿಂದ ಮಾತಾಡಿ. ಪಿನ್, ಪಾಸ್‌ವರ್ಡ್ ಬದಲಿಸುವುದೂ ಬೇರೆ ಫೋನಿನಿಂದಲೇ. ಕೆಟ್ಟ ಆಪ್ ತೆಗೆಸಿ, ಫೋನನ್ನು ಪೂರ್ತಿ ರೀಸೆಟ್ ಮಾಡಿಸುವ ತನಕ ಅದರಲ್ಲಿ ಬ್ಯಾಂಕ್ ಆಪ್ ತೆರೆಯಬೇಡಿ. ಆಮೇಲೆ ಸೈಬರ್ ಅಪರಾಧ ನೋಡುವ ಕಲಬುರಗಿಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಬಂದ ಸಂದೇಶಗಳನ್ನು ನಾಚಿಕೆಗೆ ಅಳಿಸಬೇಡಿ, ರೀಸೆಟ್ ಮಾಡಿಸುವ ಮೊದಲೇ ಬೇರೆ ಫೋನಿನಿಂದ ಅವುಗಳ ಫೋಟೊ ತೆಗೆದಿಡಿ. ಅವೇ ಸಾಕ್ಷಿ.

ಮನೆಯವರಿಗೆ ಕೈಮುಗಿದು ಕೇಳುತ್ತೇನೆ: ಮೋಸ ಹೋದವರನ್ನು ಬೈಯುವುದನ್ನು ಒಂದು ದಿನದ ಮಟ್ಟಿಗೆ ಮುಂದೂಡಿ. ಮೊದಲು 1930.

ಓಣಿಯ, ಬಡಾವಣೆಯ, ಡ್ರೈವರುಗಳ ವಾಟ್ಸಾಪ್ ಗ್ರೂಪ್ ನಡೆಸುವವರಿಗೆ ಇನ್ನೊಂದು ಕೆಲಸ ಇದೆ. ಎಪಿಕೆ ಗ್ರೂಪಿಗೆ ಬಿದ್ದ ಕೂಡಲೇ ಅಳಿಸಿ, ಅಡ್ಮಿನ್ ಮಾತ್ರ ಬರೆಯುವಂತೆ ಸ್ವಲ್ಪ ಹೊತ್ತು ಸೆಟ್ಟಿಂಗ್ ಬದಲಿಸಿ, ಕಳಿಸಿದವರಿಗೆ ವಾಟ್ಸಾಪ್‌ನಲ್ಲಲ್ಲ, ಮಾಮೂಲು ಫೋನ್ ಮಾಡಿ ತಿಳಿಸಿ. ಕರ್ನಾಟಕ ಒನ್, ಗ್ರಾಮ ಒನ್ ಕೇಂದ್ರದವರು, ಮೊಬೈಲ್ ರಿಪೇರಿ ಅಂಗಡಿಯವರು, ಗ್ಯಾರೇಜಿನವರು 1930 ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಕನ್ನಡದಲ್ಲಿ ಬರೆಸಿ, ಉರ್ದುವಿನಲ್ಲೂ ಬರೆಸಿ. ಹುಮನಾಬಾದ ರಸ್ತೆಯ ಕಮಲಾಪುರದಲ್ಲಿ ಬಾಳೆಹಣ್ಣು ಕೊಳ್ಳಲು ಗಾಡಿ ನಿಲ್ಲಿಸುವವರ ಕಣ್ಣಿಗೆ ಬೀಳುವಂತೆ ಅಲ್ಲಿನ ಅಂಗಡಿಯವರೂ ಬರೆಸಿದರೆ ಒಳ್ಳೆಯದು. ಬಣ್ಣದ ಖರ್ಚು ಅಂಗಡಿಯವರಿಗೆ ಭಾರವಾದರೆ ಬಡಾವಣೆಯ ಸಂಘದವರು ಪಟ್ಟಿ ಹಾಕಿ ಕೊಡಿ. ಗಣಪತಿ ಹಬ್ಬಕ್ಕೆ ಕೂಡಿಸುವ ರೊಕ್ಕದಲ್ಲಿ ಒಂದು ಡಬ್ಬಿ ಬಣ್ಣ ಮತ್ತು ಒಬ್ಬ ಬೋರ್ಡ್ ಬರೆಯುವವನ ಕೂಲಿ ಕಷ್ಟವಾಗಲಾರದು.